ವೋಲ್ಟ್, ಆಂಪಿಯರ್, ಓಮ್, ವ್ಯಾಟ್: ಮನೆಯ ಕರೆಂಟಿನ ಲೆಕ್ಕ ನಮ್ಮ ಕೈಯಲ್ಲಿ

(ಸ್ವಸಹಾಯ ಸಂಘಗಳ ತಿಂಗಳ ಸಭೆಗಾಗಿ ಪಾಠ)

ಪಾಠದ ಉದ್ದೇಶ
1. ವೋಲ್ಟ್ ಮತ್ತು ಆಂಪಿಯರ್ ಗೊತ್ತಿದ್ದರೆ ಓಮ್ ಮತ್ತು ವ್ಯಾಟ್ ಲೆಕ್ಕ ಹಾಕಲು ಕಲಿಯುವುದು.
2. ಈ ಲೆಕ್ಕದಿಂದ ಕರೆಂಟ್ ಬಿಲ್ಲು, ವಯರಿಂಗು ಮತ್ತು ಜೀವ ಮೂರನ್ನೂ ಕಾಪಾಡಿಕೊಳ್ಳುವುದು.

ಬೇಕಾದ ಸಾಮಾನು: ಕಳೆದ ತಿಂಗಳ ಕರೆಂಟ್ ಬಿಲ್ಲು, ಒಂದು ನೋಟ್ ಪುಸ್ತಕ, ಲೆಕ್ಕ ಹಾಕಲು ಮೊಬೈಲ್.



ಸಂಘದ ಲೆಕ್ಕ ಬರೆಯುವುದರಲ್ಲಿ ನಾವು ಈಗ ಪಳಗಿದ್ದೇವೆ. ಉಳಿತಾಯ ಎಷ್ಟು, ಸಾಲ ಎಷ್ಟು, ಬಡ್ಡಿ ಎಷ್ಟು ಎಂದು ಕೇಳಿದರೆ ಪುಸ್ತಕ ತೆರೆಯದೆಯೇ ಹೇಳುವ ಸದಸ್ಯರು ಪ್ರತಿ ಸಂಘದಲ್ಲೂ ಇದ್ದಾರೆ. ಆದರೆ ಹಗಲು ರಾತ್ರಿ ನಮ್ಮ ಮನೆಯೊಳಗೇ ಇರುವ ಕರೆಂಟಿನ ಲೆಕ್ಕ ಕೇಳಿದರೆ, "ಅದೆಲ್ಲ ನಮಗೆ ಗೊತ್ತಾಗಲ್ಲ ಸಿಸ್ಟರ್, ಲೈನ್‌ಮನ್‌ನ ಕೇಳ್ಬೇಕು" ಎಂದುಬಿಡುತ್ತೇವೆ.

ಈ ಲೆಕ್ಕಕ್ಕೆ ಒಂದು ಗುಣಾಕಾರ, ಒಂದು ಭಾಗಾಕಾರ ಬಂದರೆ ಸಾಕು. ಗೊತ್ತಿಲ್ಲದಿದ್ದರೆ ನಷ್ಟ ಮಾತ್ರ ಸಣ್ಣದಲ್ಲ. ಬಿಲ್ಲು ಯಾಕೆ ಏರಿತು ಎಂದು ತಿಳಿಯುವುದಿಲ್ಲ. ಪ್ಲಗ್ಗು ಯಾಕೆ ಕರಕಲಾಯಿತು ಎಂದು ತಿಳಿಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕೊಡಗಿನಲ್ಲಿ ಕರಿಮೆಣಸು ಕೊಯ್ಯುವ ಕಾಲ ಬಂತೆಂದರೆ ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಾಗಿ ಕೂಲಿಯವರು ಸತ್ತ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತೇವೆ. ಆ ಸಾವುಗಳ ಹಿಂದೆ ಇರುವುದೂ ಇದೇ ಲೆಕ್ಕ. ಆದ್ದರಿಂದ ಈ ತಿಂಗಳು ಇದನ್ನೇ ಕಲಿಯೋಣ.

1. ನಾಲ್ಕು ಹೆಸರುಗಳು

ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬಾರದಿದ್ದರೆ ಕಾಫಿ ತೋಟಕ್ಕೆ ಸ್ಪ್ರಿಂಕ್ಲರ್ ಹಾಕುವುದನ್ನು ನಾವೆಲ್ಲ ನೋಡಿದ್ದೇವೆ. ಪೈಪು ಹೊತ್ತವರೂ ನಮ್ಮಲ್ಲಿದ್ದಾರೆ. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡರೆ ಕರೆಂಟು ಅರ್ಥವಾಗುತ್ತದೆ.

ವೋಲ್ಟ್: ಪಂಪು ನೀರನ್ನು ಎಷ್ಟು ಜೋರಾಗಿ ತಳ್ಳುತ್ತದೆಯೋ ಆ ಒತ್ತಡದ ಹಾಗೆ. ನಮ್ಮ ದೇಶದಲ್ಲಿ ಮನೆಗೆ ಬರುವ ಕರೆಂಟಿನ ಒತ್ತಡ 230 ವೋಲ್ಟ್.

ಆಂಪಿಯರ್: ಪೈಪಿನಲ್ಲಿ ನಿಜವಾಗಿ ಹರಿಯುವ ನೀರಿನ ಪ್ರಮಾಣದ ಹಾಗೆ. ವಯರಿನಲ್ಲಿ ಎಷ್ಟು ಕರೆಂಟ್ ಹರಿಯುತ್ತಿದೆ ಎಂಬುದೇ ಆಂಪಿಯರ್.

ಓಮ್: ಪೈಪು ಸಣ್ಣದಾದರೆ, ಒಳಗೆ ಕಸ ಕಟ್ಟಿದರೆ ನೀರಿಗೆ ತಡೆಯಾಗುತ್ತದಲ್ಲ, ಆ ತಡೆಯ ಹಾಗೆ. ಕರೆಂಟಿಗೆ ಆಗುವ ತಡೆಯನ್ನು ಓಮ್‌ನಲ್ಲಿ ಅಳೆಯುತ್ತಾರೆ. ತಾಮ್ರ, ಅಲ್ಯೂಮಿನಿಯಂಗಳಲ್ಲಿ ತಡೆ ತೀರ ಕಡಿಮೆ. ಒಣ ಮರ, ರಬ್ಬರು, ಪಿಂಗಾಣಿಯಲ್ಲಿ ತೀರ ಹೆಚ್ಚು.

ವ್ಯಾಟ್: ಒತ್ತಡ ಮತ್ತು ಹರಿವು ಎರಡೂ ಸೇರಿ ಆಗುವ ಕೆಲಸದ ವೇಗ. ಜೆಟ್ ಎಷ್ಟು ದೂರ, ಎಷ್ಟು ನೀರು ಎರಚುತ್ತದೆ ಎಂದ ಹಾಗೆ.

ಮಕ್ಕಳ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಇವನ್ನೇ ವಿಭವಾಂತರ, ವಿದ್ಯುತ್ ಪ್ರವಾಹ, ರೋಧ, ಸಾಮರ್ಥ್ಯ ಎಂದು ಕರೆದಿದ್ದಾರೆ. ಹೆಸರು ದೊಡ್ಡದು, ವಿಷಯ ಇದೇ. ಈ ಪಾಠ ಕಲಿತ ತಾಯಿ ಮಗುವಿನ ಹೋಂವರ್ಕ್ ಕೂಡ ನೋಡಬಹುದು.

ಓಮ್ ಎಂಬುದು ಒಬ್ಬ ಶಾಲಾ ಮಾಸ್ತರರ ಹೆಸರು. ಜರ್ಮನಿಯ ಗೆಯೋರ್ಗ್ ಸೈಮನ್ ಓಮ್ (1789–1854) ಅವರ ತಂದೆ ಬೀಗ ಮಾಡುವ ಕೆಲಸಗಾರರು, ತಾಯಿ ಒಬ್ಬ ದರ್ಜಿಯ ಮಗಳು. ತಂದೆ ತಾವೇ ಓದಿ ಕಲಿತು ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳಿಕೊಟ್ಟರು. ಮಗ ಶಾಲೆಯಲ್ಲಿ ಗಣಿತ ಕಲಿಸುತ್ತಾ, ತಂತಿಗಳನ್ನಿಟ್ಟುಕೊಂಡು ಪ್ರಯೋಗ ಮಾಡಿ, 1827ರಲ್ಲಿ ಈ ನಿಯಮವನ್ನು ಪುಸ್ತಕವಾಗಿ ಪ್ರಕಟಿಸಿದರು. ಮೊದಲು ಯಾರೂ ಹೆಚ್ಚು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮನ್ನಣೆ ಬಂದದ್ದು ಎಷ್ಟೋ ವರ್ಷಗಳ ನಂತರ. ಕೂಲಿ ಮಾಡಿ ಮಕ್ಕಳನ್ನು ಓದಿಸುವ ನಮ್ಮ ತಾಯಂದಿರು ಈ ಮಾತನ್ನು ನೆನಪಿಟ್ಟುಕೊಳ್ಳಬೇಕು.

2. ಎರಡೇ ಸೂತ್ರ

ವೋಲ್ಟ್ × ಆಂಪಿಯರ್ = ವ್ಯಾಟ್
ವೋಲ್ಟ್ ÷ ಆಂಪಿಯರ್ = ಓಮ್

ಬಾಯಿಪಾಠಕ್ಕೆ ಹೀಗೆ ಹೇಳಿಕೊಳ್ಳಿ: ಗುಣಿಸಿದರೆ ವ್ಯಾಟ್, ಭಾಗಿಸಿದರೆ ಓಮ್. ನಾಲ್ಕರಲ್ಲಿ ಯಾವುದಾದರೂ ಎರಡು ಗೊತ್ತಿದ್ದರೆ ಉಳಿದೆರಡನ್ನು ನಾವೇ ಕಂಡುಹಿಡಿಯಬಹುದು. ಸೂತ್ರವನ್ನು ತಿರುಗಿಸಿದರೆ:

ವ್ಯಾಟ್ ÷ ವೋಲ್ಟ್ = ಆಂಪಿಯರ್
ವೋಲ್ಟ್ ÷ ಓಮ್ = ಆಂಪಿಯರ್

ಸಂಖ್ಯೆ ಎಲ್ಲಿ ಸಿಗುತ್ತದೆ? ಪ್ರತಿ ಸಾಮಾನಿನ ಹಿಂದೆ ಅಥವಾ ಅಡಿಯಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ವೋಲ್ಟ್ ಮತ್ತು ವ್ಯಾಟ್ ಇರುತ್ತದೆ. ಕೆಲವದರಲ್ಲಿ ಆಂಪಿಯರ್ ಕೂಡ ಇರುತ್ತದೆ. ಅಷ್ಟು ಸಾಕು. ಕರೆಂಟ್ ಇರುವ ವಯರನ್ನು ಬಿಚ್ಚಿ ಅಳೆಯಲು ಮಾತ್ರ ಯಾರೂ ಹೋಗಬಾರದು.

ಉದಾಹರಣೆ 1: ಇಸ್ತ್ರಿ ಪೆಟ್ಟಿಗೆ. ಚೀಟಿಯಲ್ಲಿ 230 ವೋಲ್ಟ್, 1000 ವ್ಯಾಟ್ ಎಂದಿದೆ.
ಆಂಪಿಯರ್ = 1000 ÷ 230 = 4.35
ಓಮ್ = 230 ÷ 4.35 = ಸುಮಾರು 53

ಉದಾಹರಣೆ 2: ನೀರು ಕಾಯಿಸುವ ಕಾಯಿಲ್. 230 ವೋಲ್ಟ್, 1500 ವ್ಯಾಟ್.
ಆಂಪಿಯರ್ = 1500 ÷ 230 = 6.5
ಓಮ್ = 230 ÷ 6.5 = ಸುಮಾರು 35

ಇಲ್ಲಿ ಒಂದು ವಿಷಯ ಗಮನಿಸಿ. ಹೆಚ್ಚು ಕಾಯಿಸುವ ಕಾಯಿಲ್‌ಗೆ ಓಮ್ ಕಡಿಮೆ. ತಡೆ ಕಡಿಮೆಯಾದರೆ ಹರಿವು ಹೆಚ್ಚು, ಹರಿವು ಹೆಚ್ಚಾದರೆ ಕಾವು ಹೆಚ್ಚು. ಪಾಠದ ಕೊನೆಯಲ್ಲಿ ಜೀವದ ಲೆಕ್ಕ ಹಾಕುವಾಗ ಈ ಮಾತು ಮತ್ತೆ ಬರುತ್ತದೆ.

ಒಂದು ಎಚ್ಚರಿಕೆ: ಬರೀ ಕಾಯಿಸುವ ಸಾಮಾನುಗಳಿಗೆ (ಇಸ್ತ್ರಿ, ಕಾಯಿಲ್, ಗೀಸರ್) ಈ ಲೆಕ್ಕ ಸರಿಯಾಗಿ ಹೊಂದುತ್ತದೆ. ಮಿಕ್ಸಿ, ಗ್ರೈಂಡರ್, ಪಂಪುಗಳಂತಹ ಮೋಟಾರುಗಳಲ್ಲಿ ಆಂಪಿಯರ್ ಇದಕ್ಕಿಂತ ಸ್ವಲ್ಪ ಹೆಚ್ಚೇ ಇರುತ್ತದೆ, ಶುರು ಮಾಡುವ ಕ್ಷಣದಲ್ಲಂತೂ ಹಲವು ಪಟ್ಟು ಏರುತ್ತದೆ. ಚೀಟಿಯಲ್ಲಿ ಆಂಪಿಯರ್ ಬರೆದಿದ್ದರೆ ಅದನ್ನೇ ಹಿಡಿಯಿರಿ.

3. ವೋಲ್ಟೇಜ್ ಇಳಿದರೆ ಏನಾಗುತ್ತದೆ?

ಸಂಜೆ ಏಳು ಗಂಟೆಗೆ ಎಲ್ಲರ ಮನೆಯಲ್ಲೂ ಲೈಟು, ಟಿ.ವಿ., ಮಿಕ್ಸಿ ಒಟ್ಟಿಗೆ ಶುರುವಾದಾಗ ಲೈನಿನ ಕೊನೆಯ ಮನೆಯಲ್ಲಿ ಬಲ್ಬು ಮಂಕಾಗುತ್ತದೆ. 230 ಇರಬೇಕಾದ ವೋಲ್ಟೇಜು 180ಕ್ಕೆ ಇಳಿಯಿತು ಎಂದುಕೊಳ್ಳಿ. ನಮ್ಮ ಇಸ್ತ್ರಿ ಪೆಟ್ಟಿಗೆಯ ತಡೆ ಅದೇ 53 ಓಮ್.

ಆಂಪಿಯರ್ = 180 ÷ 53 = 3.4
ವ್ಯಾಟ್ = 180 × 3.4 = 612

ವೋಲ್ಟೇಜು ಇಳಿದದ್ದು ಐದರಲ್ಲಿ ಒಂದು ಭಾಗದಷ್ಟು. ಆದರೆ ಕಾವು 1000ದಿಂದ 612ಕ್ಕೆ, ಅಂದರೆ ಮೂರರಲ್ಲಿ ಒಂದು ಭಾಗಕ್ಕಿಂತಲೂ ಹೆಚ್ಚು ಇಳಿಯಿತು. ಒತ್ತಡ ಕಡಿಮೆಯಾದಾಗ ಹರಿವೂ ಕಡಿಮೆಯಾಗುವುದರಿಂದ ಎರಡು ಕಡೆಯಿಂದ ಪೆಟ್ಟು ಬೀಳುತ್ತದೆ. "ಇಸ್ತ್ರಿ ಪೆಟ್ಟಿಗೆ ಹಾಳಾಗಿದೆ" ಎಂದು ರಿಪೇರಿಗೆ ಕೊಡುವ ಮೊದಲು ಇದನ್ನು ಯೋಚಿಸಿ.

ಇಸ್ತ್ರಿ ಪೆಟ್ಟಿಗೆ ತಣ್ಣಗಾದರೆ ಅಷ್ಟೇ ಹೋಯಿತು. ಆದರೆ ಮೋಟಾರು ಹಾಗಲ್ಲ. ಅದು ಅದೇ ಹೊರೆ ಎಳೆಯಲು ಹೆಣಗಾಡಿ ಹೆಚ್ಚು ಆಂಪಿಯರ್ ಎಳೆದುಕೊಳ್ಳುತ್ತದೆ, ಒಳಗಿನ ತಂತಿ ಕಾದು ಸುಟ್ಟು ಹೋಗುತ್ತದೆ. ಆದ್ದರಿಂದ ಲೈಟು ಮಂಕಾಗಿರುವಾಗ ಗ್ರೈಂಡರ್, ಪಂಪ್‌ಸೆಟ್ ಹಾಕಬೇಡಿ. ಸಾಲ ಮಾಡಿ ತಂದ ಯಂತ್ರ ಒಂದೇ ಸಂಜೆಯಲ್ಲಿ ಹೋದರೂ ಕಂತು ನಿಲ್ಲುವುದಿಲ್ಲ.

4. ಪ್ಲಗ್ಗು ಯಾಕೆ ಸುಡುತ್ತದೆ?

ನಮ್ಮ ಮನೆಗಳಲ್ಲಿ ಎರಡು ತರಹದ ಪ್ಲಗ್ ಪಾಯಿಂಟ್ ಇರುತ್ತದೆ. ಸಣ್ಣದು 6 ಆಂಪಿಯರ್, ದೊಡ್ಡದು 16 ಆಂಪಿಯರ್. (ಹಳೆಯ ಮನೆಗಳಲ್ಲಿ 5 ಮತ್ತು 15.) ಇವು ಎಷ್ಟು ಹೊರೆ ತಡೆಯುತ್ತವೆ?

ಸಣ್ಣದು: 230 × 6 = 1380 ವ್ಯಾಟ್
ದೊಡ್ಡದು: 230 × 16 = 3680 ವ್ಯಾಟ್

1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ ಸಣ್ಣ ಪ್ಲಗ್ಗಿಗೆ ಆಗುತ್ತದೆ. 1500 ವ್ಯಾಟಿನ ಕಾಯಿಲ್ ಆಗುವುದಿಲ್ಲ. ಅದಕ್ಕೆ ದೊಡ್ಡ ಪ್ಲಗ್ಗೇ ಬೇಕು, ಅದರ ಹಿಂದೆ 2.5 ಚದರ ಮಿಲಿಮೀಟರಿನ ತಾಮ್ರದ ವಯರು ಬೇಕು. ಮಳೆಗಾಲದ ಚಳಿಗೆ ಎಷ್ಟೋ ಮನೆಗಳಲ್ಲಿ ಕಾಯಿಲ್, ಇಸ್ತ್ರಿ, ಮಿಕ್ಸಿ ಮೂರನ್ನೂ ಒಂದೇ ಎಕ್ಸ್‌ಟೆನ್ಶನ್ ಬಾಕ್ಸಿಗೆ ಸಿಕ್ಕಿಸಿ, ಆ ಬಾಕ್ಸನ್ನು ಸಣ್ಣ ಪ್ಲಗ್ಗಿಗೆ ಹಾಕುತ್ತಾರೆ. ಕೂಡಿ ನೋಡಿ: 6.5 + 4.35 + 2.2 = 13 ಆಂಪಿಯರ್. ಆರು ಹೊರುವ ಪ್ಲಗ್ಗಿನ ಮೇಲೆ ಹದಿಮೂರು ಹೇರಿದ ಹಾಗಾಯಿತು.

ಸಡಿಲವಾದ ಪ್ಲಗ್ಗಿನ ಲೆಕ್ಕವನ್ನೂ ನೋಡೋಣ. ಪಿನ್ನು ಸರಿಯಾಗಿ ಕೂರದಿದ್ದರೆ, ತುಕ್ಕು ಹಿಡಿದಿದ್ದರೆ ಆ ಜಾಗದಲ್ಲಿ ಬರೀ 1 ಓಮ್ ತಡೆ ಸೇರಿಕೊಂಡಿತು ಎನ್ನೋಣ. ಕಾಯಿಲ್‌ನ 6.5 ಆಂಪಿಯರ್ ಅದರ ಮೂಲಕ ಹರಿದರೆ ಅಲ್ಲಿ 6.5 ವೋಲ್ಟ್ ಖರ್ಚಾಗುತ್ತದೆ. 6.5 × 6.5 = ಸುಮಾರು 42 ವ್ಯಾಟ್. ಹಳೆಯ ಕಾಲದ 40 ವ್ಯಾಟ್ ಬಲ್ಬಿನಷ್ಟು ಕಾವು ಹೆಬ್ಬೆರಳಿನಷ್ಟು ಜಾಗದಲ್ಲಿ ಉಕ್ಕುತ್ತದೆ. ಪ್ಲಾಸ್ಟಿಕ್ ಕರಗದೆ ಇನ್ನೇನಾಗುತ್ತದೆ? ಪ್ಲಗ್ಗು ಮುಟ್ಟಿದಾಗ ಬಿಸಿ ಎನಿಸಿದರೆ, ಕಪ್ಪಗಾಗಿದ್ದರೆ, ಸುಟ್ಟ ವಾಸನೆ ಬಂದರೆ ಅಂದೇ ಬದಲಾಯಿಸಿ. ಬೆಂಕಿ ಹೊತ್ತಿಕೊಳ್ಳುವುದು ಇಂತಹ ಜಾಗದಿಂದಲೇ.

5. ಬಿಲ್ಲಿನ ಲೆಕ್ಕ

ಒಂದು ಯೂನಿಟ್ ಎಂದರೆ 1000 ವ್ಯಾಟ್ ಒಂದು ಗಂಟೆ ಉರಿದದ್ದು.
ಯೂನಿಟ್ = ವ್ಯಾಟ್ × ಗಂಟೆ ÷ 1000

9 ವ್ಯಾಟಿನ ಎಲ್‌ಇಡಿ ಬಲ್ಬು ದಿನಕ್ಕೆ 4 ಗಂಟೆ, 30 ದಿನ ಉರಿದರೆ: 9 × 120 ÷ 1000 = 1.08 ಯೂನಿಟ್. ಹಳೆಯ 60 ವ್ಯಾಟ್ ಬಲ್ಬಾದರೆ 7.2 ಯೂನಿಟ್. 1500 ವ್ಯಾಟಿನ ಕಾಯಿಲ್ ದಿನಕ್ಕೆ ಒಂದು ಗಂಟೆ, 30 ದಿನ ಹಾಕಿದರೆ: 1500 × 30 ÷ 1000 = 45 ಯೂನಿಟ್. ಲೈಟು ಆರಿಸಲಿಲ್ಲ ಎಂದು ಮಕ್ಕಳನ್ನು ಗದರಿಸುತ್ತೇವೆ, ಕಾಯಿಲನ್ನು ಮಾತ್ರ ಮರೆತು ಬಿಡುತ್ತೇವೆ!

2023ರಲ್ಲಿ ಶುರುವಾದ ಗೃಹಜ್ಯೋತಿ ಯೋಜನೆಯಲ್ಲಿ "200 ಯೂನಿಟ್ ಎಲ್ಲರಿಗೂ ಫ್ರೀ" ಎಂದು ಹಲವರು ತಿಳಿದಿದ್ದಾರೆ. ಅದು ಪೂರ್ತಿ ಸರಿಯಲ್ಲ. ಹಿಂದಿನ ಒಂದು ವರ್ಷದಲ್ಲಿ (2022–23) ನಮ್ಮ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅದಕ್ಕೆ ನೂರಕ್ಕೆ ಹತ್ತರಷ್ಟು ಸೇರಿಸಿ ಉಚಿತ ಮಿತಿ ಕೊಟ್ಟಿದ್ದಾರೆ. ತೀರ ಕಡಿಮೆ ಬಳಸುತ್ತಿದ್ದ ಮನೆಗಳಿಗೆ ಶೇಕಡಾ ಹತ್ತರ ಬದಲು 10 ಯೂನಿಟ್ ಸೇರಿಸಿದ್ದಾರೆ. ಮಿತಿ ದಾಟಿದರೆ ದಾಟಿದಷ್ಟಕ್ಕೆ ದುಡ್ಡು ಕಟ್ಟಬೇಕು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. ಸರಾಸರಿ 60 ಯೂನಿಟ್ ಇದ್ದ ಮನೆಗೆ ಮಿತಿ 66. ಮೊದಲಿನಂತೆಯೇ 60 ಬಳಸುತ್ತಿದ್ದವರು ಹೊಸದಾಗಿ ಕಾಯಿಲ್ ತಂದರೆ 60 + 45 = 105. ಆಗ 39 ಯೂನಿಟ್ ದುಡ್ಡು ಕಟ್ಟಬೇಕು. ನಿಮ್ಮ ಬಿಲ್ಲಿನಲ್ಲಿ ನಿಮ್ಮ ಮಿತಿ ನೋಡಿಕೊಳ್ಳಿ.

ಸಂಘದ ಉದ್ಯಮಕ್ಕೂ ಇದೇ ಲೆಕ್ಕ. ಮಸಾಲೆ ಪುಡಿ ಮಾಡುವ ಒಂದು ಎಚ್‌ಪಿ ಯಂತ್ರ ಕೊಡುವ ಕೆಲಸ 746 ವ್ಯಾಟ್. ಅದಕ್ಕೆ ಎಳೆಯುವ ಕರೆಂಟ್ ಸುಮಾರು 1000 ವ್ಯಾಟ್ ಎಂದು ಹಿಡಿಯಿರಿ. ದಿನಕ್ಕೆ 3 ಗಂಟೆ, ತಿಂಗಳಿಗೆ 25 ದಿನ ಎಂದರೆ 75 ಯೂನಿಟ್. ಇದನ್ನು ಬಿಲ್ಲಿನಲ್ಲಿರುವ ದರದಿಂದ ಗುಣಿಸಿ ಪುಡಿಯ ಬೆಲೆಯಲ್ಲಿ ಸೇರಿಸಿ. ಗೃಹಜ್ಯೋತಿ ಮನೆಬಳಕೆಗೆ ಮಾತ್ರ. ಉದ್ಯಮಕ್ಕೆ ಬೇರೆ ಸಂಪರ್ಕ ಪಡೆಯಬೇಕಾಗುತ್ತದೆ. ಮೆಣಸಿನಕಾಯಿಯ ಬೆಲೆ ಬರೆದು ಕರೆಂಟಿನ ಬೆಲೆ ಬಿಟ್ಟರೆ ಲಾಭ ಕಾಣುತ್ತದೆ, ಕೈಗೆ ಮಾತ್ರ ಬರುವುದಿಲ್ಲ.

6. ಜೀವದ ಲೆಕ್ಕ

ಸಹೋದರಿಯರೇ, ಇನ್ನು ಮುಂದಿನದನ್ನು ನಿಧಾನವಾಗಿ ಓದಿ, ಸಭೆಯಲ್ಲಿ ಎರಡು ಸಲ ಓದಿಸಿ.

ಮನುಷ್ಯರ ಮೈ ಕೂಡ ಒಂದು ತಡೆ. ಮೈ ಒದ್ದೆಯಾದಾಗ ಅದು ಸುಮಾರು 1000 ಓಮ್‌ಗೆ ಇಳಿಯುತ್ತದೆ. ಒದ್ದೆ ಕೈಯಿಂದ ಕರೆಂಟ್ ಬರುತ್ತಿರುವ ಸಾಮಾನು ಮುಟ್ಟಿದರೆ:

230 ÷ 1000 = 0.23 ಆಂಪಿಯರ್

ಇದು ಇಸ್ತ್ರಿ ಪೆಟ್ಟಿಗೆಯ ಇಪ್ಪತ್ತನೇ ಒಂದು ಭಾಗವೂ ಸರಿಯಾಗಿ ಆಗುತ್ತದೋ ಇಲ್ಲವೋ ಎನ್ನುವಷ್ಟು ಸಣ್ಣದು. ಆದರೆ ಮೈಗೆ 0.01 ರಿಂದ 0.02 ಆಂಪಿಯರ್ ಹೊಡೆದರೇ ಕೈ ಬಿಗಿದು ಬಿಡಿಸಿಕೊಳ್ಳಲಾಗುವುದಿಲ್ಲ. 0.1 ಆಂಪಿಯರ್ ಎದೆಯ ಮೂಲಕ ಹರಿದರೆ ಹೃದಯದ ಬಡಿತವೇ ತಪ್ಪಿಹೋಗಬಹುದು. ಹಾಗಾದರೆ 0.23 ಎಂದರೆ ಏನು ಎಂದು ನೀವೇ ಯೋಚಿಸಿ. "ನನ್ನ ಕೈ ಒಣಗಿದೆ" ಎಂಬ ಧೈರ್ಯವೂ ಬೇಡ. 230 ವೋಲ್ಟಿನ ಒತ್ತಡಕ್ಕೆ ಒಣ ಚರ್ಮದ ತಡೆಯೂ ಒಡೆದು ಹೋಗುತ್ತದೆ.

ಸಭೆಗಳಲ್ಲಿ ಕೇಳುತ್ತಾರೆ: "ಸಿಸ್ಟರ್, ನಮ್ಮನೇಲಿ ಫ್ಯೂಸು, ಎಂಸಿಬಿ ಎಲ್ಲ ಇದೆ, ಶಾಕ್ ಹೊಡೆದ್ರೆ ಅದು ಬೀಳಲ್ವಾ?" ಲೆಕ್ಕವೇ ಉತ್ತರ ಹೇಳುತ್ತದೆ. 16 ಆಂಪಿಯರಿನ ಎಂಸಿಬಿ ಬೀಳಬೇಕಾದರೆ 16ಕ್ಕಿಂತ ಹೆಚ್ಚು ಹರಿಯಬೇಕು. ಮನುಷ್ಯರನ್ನು ಕೊಲ್ಲಲು 0.1 ಸಾಕು. ಎಂಸಿಬಿ ಇರುವುದು ವಯರನ್ನು ಕಾಪಾಡಲು. ಮೈಯನ್ನು ಕಾಪಾಡುವುದು ಆರ್‌ಸಿಸಿಬಿ ಮತ್ತು ಸರಿಯಾದ ಅರ್ತಿಂಗ್. ಆರ್‌ಸಿಸಿಬಿ ಹೋದ ಕರೆಂಟನ್ನೂ ಬಂದ ಕರೆಂಟನ್ನೂ ತಾಳೆ ನೋಡುತ್ತಿರುತ್ತದೆ, ನಮ್ಮ ಖಜಾಂಚಿಯ ಹಾಗೆ. 0.03 ಆಂಪಿಯರ್ (30 ಮಿಲಿ ಆಂಪಿಯರ್) ವ್ಯತ್ಯಾಸ ಬಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕರೆಂಟ್ ಕಡಿಯುತ್ತದೆ. ಕೊಳ್ಳುವಾಗ "30 ಮಿಲಿ ಆಂಪಿಯರ್" ಎಂದು ಕೇಳಿಯೇ ಕೊಳ್ಳಿ. ಅದರ ಮೇಲಿನ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಸಂಘದ ಸಭೆಯ ದಿನವನ್ನೇ ಅದಕ್ಕೂ ಇಟ್ಟುಕೊಳ್ಳಬಹುದು.

ಮಳೆಗಾಲದ ಕೊಡಗಿನಲ್ಲಿ ಗೋಡೆ ಬೆವರುತ್ತದೆ, ಬಟ್ಟೆ ಒಣಗುವುದಿಲ್ಲ, ನೆಲ ಸದಾ ತೇವ. ತಡೆಯೆಲ್ಲ ಇಳಿದಿರುವ ಕಾಲ ಅದು. ಆದ್ದರಿಂದ:

* ಕಾಯಿಲ್ ಹಾಕಿರುವಾಗ ನೀರಿಗೆ ಕೈ ಅದ್ದಿ ಬಿಸಿ ನೋಡಬೇಡಿ. ಸ್ವಿಚ್ ಆರಿಸಿ, ಪ್ಲಗ್ ತೆಗೆದು, ಆಮೇಲೆ ನೋಡಿ.
* ಬಟ್ಟೆ ಒಣಗಿಸುವ ಕಬ್ಬಿಣದ ತಂತಿಯನ್ನು ಕರೆಂಟ್ ಕಂಬಕ್ಕೆ, ಸರ್ವಿಸ್ ವಯರಿನ ಪೈಪಿಗೆ ಕಟ್ಟಬೇಡಿ. ನೈಲಾನ್ ಹಗ್ಗ ಬಳಸಿ.
* ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ನನ್ನು ಮುರಿದು ಎರಡು ಪಿನ್ನಿನ ಜಾಗಕ್ಕೆ ತುರುಕಬೇಡಿ. ಆ ದಪ್ಪ ಪಿನ್ನೇ ಅರ್ತ್.
* 2018ರ ಆಗಸ್ಟಿನಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ನಮ್ಮ ಜಿಲ್ಲೆ ಕಂಡ ಮಳೆಯನ್ನು ಯಾರೂ ಮರೆತಿಲ್ಲ. ಮನೆಗೆ ನೀರು ಬರುವ ಸೂಚನೆ ಕಂಡರೆ, ನೀರು ಬರುವ ಮೊದಲೇ ಮೈನ್ ಸ್ವಿಚ್ ಆರಿಸಿ. ನೀರು ಇಳಿದ ಮೇಲೆ ವಯರಿಂಗ್ ಪರೀಕ್ಷೆ ಮಾಡಿಸದೆ ಹಾಕಬೇಡಿ.

7. ಏಣಿ ಮತ್ತು ತಂತಿ

ತೋಟದ ಮೇಲೆ ಹಾದುಹೋಗುವ ತಂತಿಗಳಲ್ಲಿ ಹಲವು 11,000 ವೋಲ್ಟಿನವು. ಮನೆಗೆ 230 ಸಾಕಾಗಿರುವಾಗ ತಂತಿಯಲ್ಲಿ ಅಷ್ಟೊಂದು ಯಾಕೆ? ಇದಕ್ಕೂ ನಮ್ಮ ಸೂತ್ರವೇ ಉತ್ತರ. 11,000 ವ್ಯಾಟ್ ಸಾಗಿಸಬೇಕು, ದಾರಿಯ ತಂತಿಯ ತಡೆ 1 ಓಮ್ ಎಂದುಕೊಳ್ಳಿ.

230 ವೋಲ್ಟಿನಲ್ಲಿ ಕಳಿಸಿದರೆ: 11,000 ÷ 230 = 48 ಆಂಪಿಯರ್. ದಾರಿಯಲ್ಲೇ 48 ವೋಲ್ಟ್ ಹೋಗುತ್ತದೆ, 48 × 48 = 2304 ವ್ಯಾಟ್ ತಂತಿ ಕಾಯಿಸುವುದಕ್ಕೇ ಹಾಳು.
11,000 ವೋಲ್ಟಿನಲ್ಲಿ ಕಳಿಸಿದರೆ: 1 ಆಂಪಿಯರ್ ಮಾತ್ರ. ಹಾಳಾಗುವುದು 1 ವ್ಯಾಟ್.

(ಲೈನಿನ ಕೊನೆಯ ಮನೆಗೆ 180 ವೋಲ್ಟ್ ಬರುವುದು ಯಾಕೆ ಎಂಬುದೂ ಈಗ ತಿಳಿಯಿತಲ್ಲ? 230ರಲ್ಲಿ 48 ದಾರಿಯಲ್ಲೇ ಹೋಯಿತು.)

ನಮ್ಮ ತಲಕಾವೇರಿಯಲ್ಲಿ ಹುಟ್ಟಿದ ಕಾವೇರಿಯಿಂದ ಶಿವನಸಮುದ್ರದಲ್ಲಿ 1902ರಲ್ಲಿ ಕರೆಂಟ್ ತಯಾರಿಸಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕಳಿಸಿದಾಗಲೂ ಇದೇ ಉಪಾಯ ಮಾಡಿದ್ದರು. ಒತ್ತಡವನ್ನು ಬಹಳ ಏರಿಸಿ, ಹರಿವನ್ನು ಇಳಿಸಿ ಕಳಿಸಿದರು. ಊರಿನ ಟ್ರಾನ್ಸ್‌ಫಾರ್ಮರ್ ಮಾಡುವ ಕೆಲಸ ಆ ಒತ್ತಡವನ್ನು ಮತ್ತೆ ಇಳಿಸುವುದು.

ಉಳಿತಾಯಕ್ಕೆ ಇದು ಒಳ್ಳೆಯದು. ಆದರೆ ಆ ತಂತಿಯ ಕೆಳಗೆ ಏಣಿ ಎತ್ತುವವರಿಗೆ? ಒಂದು ತಂತಿಗೂ ಭೂಮಿಗೂ ನಡುವೆ ಸುಮಾರು 6,350 ವೋಲ್ಟ್ ಇರುತ್ತದೆ. ಅಲ್ಯೂಮಿನಿಯಂ ಏಣಿಗೆ ತಡೆಯೇ ಇಲ್ಲ ಎನ್ನಬಹುದು. ಉಳಿದ ತಡೆ ನಮ್ಮ ಮೈ ಮಾತ್ರ:

6,350 ÷ 1000 = 6.35 ಆಂಪಿಯರ್

ಆರ್‌ಸಿಸಿಬಿ ಕಡಿಯುವ 0.03ಕ್ಕೆ ಇದು ಇನ್ನೂರು ಪಟ್ಟಿಗಿಂತ ಹೆಚ್ಚು. ಮನೆಯ ಆರ್‌ಸಿಸಿಬಿ ಇಲ್ಲಿ ಕೆಲಸಕ್ಕೆ ಬಾರದು. ಕಾಲಿಗೆ ಹಾಕಿದ ಚಪ್ಪಲಿ, ಬೂಟು ತಡೆಯುವುದಿಲ್ಲ. ಏಣಿ ತಂತಿಗೆ ತಾಗಬೇಕೆಂದೂ ಇಲ್ಲ, ತೀರ ಹತ್ತಿರ ಹೋದರೂ ಕಿಡಿ ಹಾರಬಹುದು. ಹಸಿ ಬಿದಿರಿನ ಏಣಿ, ಮಳೆಯಲ್ಲಿ ನೆನೆದ ಮರದ ಏಣಿ, ಹಸಿ ಕೊಂಬೆಯಲ್ಲೂ ಕರೆಂಟ್ ಹರಿಯುತ್ತದೆ.

ಏಣಿ ಹತ್ತುವವರು ಹೆಚ್ಚಾಗಿ ಗಂಡಸರು, ಬುಡ ಹಿಡಿದು ನಿಲ್ಲುವವರು ಹೆಂಗಸರು. ಕರೆಂಟ್ ಭೂಮಿಗೆ ಇಳಿಯುವುದು ಬುಡದಲ್ಲೇ. ಆದ್ದರಿಂದ ಇದು ನಮ್ಮ ಜೀವದ ಪ್ರಶ್ನೆಯೂ ಹೌದು.

* ಮೆಣಸು ಕೊಯ್ಯುವ ಮೊದಲು, ಸಿಲ್ವರ್ ಮರ ಕಪಾತು ಮಾಡುವ ಮೊದಲು ತಲೆ ಎತ್ತಿ ತಂತಿ ಎಲ್ಲಿದೆ ನೋಡಿ. ಏಣಿ ಜಾರಿ ಬಿದ್ದರೂ ತಂತಿಗೆ ಮುಟ್ಟದಷ್ಟು ದೂರ ಇರಬೇಕು.
* ಏಣಿಯನ್ನು ನಿಲ್ಲಿಸಿಕೊಂಡು ಒಂದು ಮರದಿಂದ ಇನ್ನೊಂದಕ್ಕೆ ಒಯ್ಯಬೇಡಿ. ಮಲಗಿಸಿ ಇಬ್ಬರು ಹಿಡಿದು ಒಯ್ಯಿರಿ.
* ತಂತಿಯ ಪಕ್ಕದ ಮರದಲ್ಲಿ ಕೆಲಸ ಇದ್ದರೆ ಮೊದಲೇ ಚೆಸ್ಕಾಂಗೆ ತಿಳಿಸಿ ಲೈನ್ ಆಫ್ ಮಾಡಿಸಬೇಕು. ಸಹಾಯವಾಣಿ 1912.
* ಕರೆಂಟ್ ಹರಿಯದ ಫೈಬರ್ ಏಣಿಗಳು ಸಿಗುತ್ತವೆ. ತೋಟದ ಮಾಲೀಕರನ್ನು ಒಟ್ಟಾಗಿ ಕೇಳೋಣ.

"ಬೇಗ ಮುಗಿಸಿ" ಎಂದು ಮೇಸ್ತ್ರಿ ಅವಸರ ಮಾಡಿದರೆ, "ಅಣ್ಣಾ, ಮೇಲೆ ಲೈನಿದೆ, ಆಫ್ ಮಾಡಿಸಿ, ಆಮೇಲೆ ಹತ್ತುತ್ತೇವೆ" ಎಂದು ಹೇಳುವುದು ಜಗಳವಲ್ಲ. ಒಬ್ಬಳು ಹೇಳಿದರೆ ಕೇಳಿಸದಿರಬಹುದು. ಹತ್ತು ಜನ ಹೇಳಿದರೆ ಕೇಳಿಸುತ್ತದೆ. ಸಂಘ ಇರುವುದು ಇದಕ್ಕೇ.

8. ಯಾರಿಗಾದರೂ ಶಾಕ್ ಹೊಡೆದರೆ

* ಅವರನ್ನು ಮುಟ್ಟಬೇಡಿ. ಮೊದಲು ಮೈನ್ ಸ್ವಿಚ್ ಆರಿಸಿ. ಆಗದಿದ್ದರೆ ಒಣ ಹಲಗೆಯ ಮೇಲೆ ನಿಂತು ಒಣ ಮರದ ಕೋಲಿನಿಂದ ವಯರನ್ನು ಸರಿಸಿ. ಇದು ಮನೆಯ ಕರೆಂಟಿಗೆ ಮಾತ್ರ.
* ತೋಟದ ದೊಡ್ಡ ಲೈನ್ ಆದರೆ ಕೋಲು ಹಿಡಿದೂ ಹತ್ತಿರ ಹೋಗಬೇಡಿ. ದೂರ ನಿಂತು 1912 ಮತ್ತು 112ಕ್ಕೆ ಫೋನ್ ಮಾಡಿ. ಲೈನ್ ಆಫ್ ಆಗಿದೆ ಎಂದು ಖಚಿತವಾದ ಮೇಲೆಯೇ ಹೋಗಿ.
* ಉಸಿರಿಲ್ಲದಿದ್ದರೆ ಎದೆಯ ಮಧ್ಯದಲ್ಲಿ ಎರಡೂ ಅಂಗೈ ಒಂದರ ಮೇಲೊಂದಿಟ್ಟು, ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತುತ್ತಾ ಇರಿ. 108ಕ್ಕೆ ಫೋನ್ ಮಾಡಿಸಿ. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ.
* ಎದ್ದು ಕೂತು "ಏನೂ ಆಗಿಲ್ಲ" ಎಂದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಸಂಘದಲ್ಲಿ ಮಾಡಿ ನೋಡಿ

1. 750 ವ್ಯಾಟಿನ ಮಿಕ್ಸಿಗೆ 230 ವೋಲ್ಟಿನಲ್ಲಿ ಎಷ್ಟು ಆಂಪಿಯರ್? ಯಾವ ಪ್ಲಗ್ಗು?
2. ಒಂದು ಹೀಟರಿನ ಚೀಟಿಯಲ್ಲಿ 230 ವೋಲ್ಟ್, 8.7 ಆಂಪಿಯರ್ ಎಂದಿದೆ. ವ್ಯಾಟ್ ಎಷ್ಟು? ಓಮ್ ಎಷ್ಟು?
3. ಅದನ್ನು ದಿನಕ್ಕೆ 2 ಗಂಟೆ, 30 ದಿನ ಬಳಸಿದರೆ ಎಷ್ಟು ಯೂನಿಟ್?
4. 53 ಓಮ್ ಇಸ್ತ್ರಿ ಪೆಟ್ಟಿಗೆಗೆ 200 ವೋಲ್ಟ್ ಬಂದರೆ ಎಷ್ಟು ವ್ಯಾಟ್?

(ಉತ್ತರ: 1. ಸುಮಾರು 3.3 ಆಂಪಿಯರ್, ಮೋಟಾರಾದ್ದರಿಂದ ಸ್ವಲ್ಪ ಹೆಚ್ಚು, 6 ಆಂಪಿಯರ್ ಪ್ಲಗ್ಗು ಸಾಕು. 2. ಸುಮಾರು 2000 ವ್ಯಾಟ್. ಸುಮಾರು 26 ಓಮ್. 3. 120 ಯೂನಿಟ್. 4. ಸುಮಾರು 755 ವ್ಯಾಟ್.)

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಸಂಘದ ಎಷ್ಟು ಮನೆಗಳಲ್ಲಿ ಆರ್‌ಸಿಸಿಬಿ ಇದೆ? ಅರ್ತಿಂಗ್ ಸರಿ ಇದೆಯೇ? ಅದಕ್ಕೆ ಸಂಘದಿಂದ ಸಣ್ಣ ಸಾಲ ಕೊಡಬಹುದೇ?
2. ಲೈನ್ ಮನೆಗಳಲ್ಲಿರುವ ಸದಸ್ಯರ ವಯರಿಂಗ್ ಬಗ್ಗೆ ತೋಟದ ರೈಟರ್, ಮಾಲೀಕರ ಹತ್ತಿರ ಯಾರು ಯಾರು ಹೋಗಿ ಮಾತಾಡುವುದು?
3. ನಾವು ಕೆಲಸ ಮಾಡುವ ತೋಟಗಳಲ್ಲಿ ತಂತಿ ತಗ್ಗಾಗಿರುವ, ಮರಕ್ಕೆ ತಾಗುವ ಜಾಗ ಯಾವುವು? ಪಟ್ಟಿ ಮಾಡಿ, ಸಂಘದ ಲೆಟರ್‌ಹೆಡ್‌ನಲ್ಲಿ ಬರೆದು ಚೆಸ್ಕಾಂ ಕಚೇರಿಗೆ ಕೊಡಿ. ಪ್ರತಿಗೆ ಸೀಲು ಹಾಕಿಸಿಕೊಳ್ಳಿ.

ದೀಪ ಹಿಡಿದು ಕಾದ ಹತ್ತು ಮಂದಿ ಕನ್ಯೆಯರ ಸಾಮತಿಯನ್ನು ನಮ್ಮಲ್ಲಿ ಹಲವರು ಕೇಳಿದ್ದೀರಿ. ಜಾಣೆಯರಾದ ಐವರು ಎಣ್ಣೆಯ ಲೆಕ್ಕವನ್ನು ಮೊದಲೇ ಹಾಕಿಕೊಂಡಿದ್ದರು. ನಮ್ಮ ದೀಪ ಈಗ ಕರೆಂಟಿನದು, ಲೆಕ್ಕವನ್ನು ಮಾತ್ರ ಈಗಲೂ ಮೊದಲೇ ಹಾಕಿಕೊಳ್ಳಬೇಕು. ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ಮನೆಯ ಮೂರು ಸಾಮಾನುಗಳ ವೋಲ್ಟ್, ವ್ಯಾಟ್ ಬರೆದುಕೊಂಡು, ಆಂಪಿಯರ್ ಮತ್ತು ಓಮ್ ಲೆಕ್ಕ ಹಾಕಿಕೊಂಡು ಬನ್ನಿ. ದೇವರು ನಿಮ್ಮ ಮನೆಯ ಬೆಳಕನ್ನೂ, ಆ ಬೆಳಕಿನಲ್ಲಿ ಕೂತು ಊಟ ಮಾಡುವವರನ್ನೂ ಕಾಪಾಡಲಿ.